ಸೀಳಿ ಹಾಸಿದ ಶಂಕು: ಧವಲಾ ಟೀಕೆಯ ಒಂದು ಲೆಕ್ಕ ಮತ್ತು ಬಂಕಾಪುರದ ಗುರುಪರಂಪರೆ

ಎಂಜಿನಿಯರಿಂಗ್ ಓದುವ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಡ್ರಾಯಿಂಗ್ ವಿಷಯದಲ್ಲಿ ‘ಡೆವಲಪ್‌ಮೆಂಟ್ ಆಫ್ ಸರ್ಫೇಸಸ್’ ಎಂಬ ಪಾಠವೊಂದಿದೆ. ರಾಣೇಬೆನ್ನೂರಿನ ತಾಂತ್ರಿಕ ಮಹಾವಿದ್ಯಾಲಯದಲ್ಲಾಗಲಿ, ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಕಾಲೇಜಿನಲ್ಲಾಗಲಿ ಇದನ್ನು ತಪ್ಪಿಸಿಕೊಂಡು ಮುಂದೆ ಹೋಗುವಂತಿಲ್ಲ. ಘನಾಕೃತಿಯೊಂದರ ಹೊರಮೈಯನ್ನು ಒಂದು ಗೆರೆಯ ಮೇಲೆ ಸೀಳಿ, ಹರಿಯದಂತೆ, ಹಿಗ್ಗದಂತೆ ಸಮತಲದ ಮೇಲೆ ಹಾಸಿದರೆ ಯಾವ ಆಕೃತಿ ಬರುತ್ತದೆ ಎಂಬುದು ಪ್ರಶ್ನೆ. ಅದರಲ್ಲೂ ಪರೀಕ್ಷೆಗೆ ಹೆಚ್ಚಾಗಿ ಬರುವುದು ಕತ್ತರಿಸಿದ ಶಂಕು, ಗಣಿತದ ಪಠ್ಯಗಳು ‘ಶಂಕುವಿನ ಭಿನ್ನಕ’ ಎಂದು ಕರೆಯುವ ಆಕೃತಿ. ಬಕೆಟ್ಟು, ಎಣ್ಣೆ ಸುರಿಯುವ ಲಾಳಿಕೆ ಇವೆಲ್ಲ ಅದರ ರೂಪಗಳೇ. ಪೇಟೆಯ ತಗಡಿನ ಕೆಲಸದವರು ಈ ಪಾಠವನ್ನು ಪುಸ್ತಕದಿಂದ ಕಲಿತವರಲ್ಲ. ತಗಡನ್ನು ಹಾಸಿ, ಮೊಳೆಗೆ ದಾರ ಕಟ್ಟಿ ಎರಡು ಕಮಾನುಗಳನ್ನು ಎಳೆದು, ಕತ್ತರಿಯಿಂದ ಕತ್ತರಿಸಿ ಸುತ್ತಿಬಿಡುತ್ತಾರೆ.

ಅವರು ಎಳೆಯುವ ಎರಡು ಕಮಾನುಗಳಲ್ಲಿ ಇಡೀ ಶಾಸ್ತ್ರ ಅಡಗಿದೆ. ಬಾಯಿಯ ವ್ಯಾಸ 30, ತಳದ ವ್ಯಾಸ 20, ಓರೆ ಮೈಯ ಉದ್ದ 30 ಸೆಂಟಿಮೀಟರ್ ಇರುವ ಬಕೆಟ್ಟನ್ನು ಎಣಿಸಿಕೊಳ್ಳಿ. ಅದರ ಓರೆ ಗೆರೆಗಳನ್ನು ಕೆಳಕ್ಕೆ ಬೆಳೆಸುತ್ತ ಹೋದರೆ ಅವು ಒಂದು ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನಿಂದ ತಳಕ್ಕೆ 60, ಬಾಯಿಗೆ 90 ಸೆಂಟಿಮೀಟರ್. ಒಂದೇ ಕೇಂದ್ರದಿಂದ ಈ ಎರಡು ಅಳತೆಗಳ ಕಮಾನುಗಳನ್ನು ಎಳೆದು, ನಡುವಿನ ಕೋನವನ್ನು 60 ಡಿಗ್ರಿಗೆ ನಿಲ್ಲಿಸಿದರೆ ಬಕೆಟ್ಟಿನ ಮೈ ಸಿದ್ಧವಾಯಿತು. ಕೋನ ಬರುವುದು ಹೀಗೆ: ಬಾಯಿಯ ತ್ರಿಜ್ಯ 15ನ್ನು 90ರಿಂದ ಭಾಗಿಸಿ 360ರಿಂದ ಗುಣಿಸಬೇಕು. ಡ್ರಾಯಿಂಗ್ ಹಾಳೆಯಲ್ಲಿ ಕೋನವನ್ನು ಲೆಕ್ಕ ಹಾಕದೆ, ವೃತ್ತವನ್ನು 12 ಭಾಗ ಮಾಡಿ ಒಂದೊಂದು ಭಾಗವನ್ನು ಡಿವೈಡರಿನಿಂದ ಕಮಾನಿನ ಮೇಲೆ ಇಳಿಸುವ ಪದ್ಧತಿಯೂ ಇದೆ. ಡಿವೈಡರು ಅಳೆಯುವುದು ನೇರ ಜ್ಯಾವನ್ನು, ಬಾಗಿದ ಕಮಾನನ್ನಲ್ಲ. ಆದ್ದರಿಂದ ನೂರಕ್ಕೆ ಒಂದು ಪಾಲಿನಷ್ಟು ಕೊರತೆ ಬೀಳುತ್ತದೆ. ಕತ್ತರಿಸಿದ್ದು ತಳಕ್ಕೆ ಸಮಾಂತರವಾಗಿರದೆ ಓರೆಯಾಗಿದ್ದರೆ ಕೆಲಸ ಇನ್ನೂ ಸೂಕ್ಷ್ಮ. ಆಗ ಪ್ರತಿಯೊಂದು ಗೆರೆಯೂ ಬೇರೆ ಬೇರೆ ಎತ್ತರದಲ್ಲಿ ತುಂಡಾಗಿರುತ್ತದೆ. ಎದುರುನೋಟದಲ್ಲಿ ಅಂಚಿನ ಎರಡು ಗೆರೆಗಳು ಮಾತ್ರ ತಮ್ಮ ನಿಜವಾದ ಉದ್ದವನ್ನು ತೋರುತ್ತವೆ. ಉಳಿದ ಬಿಂದುಗಳನ್ನು ಅಡ್ಡಲಾಗಿ ಅಂಚಿನ ಗೆರೆಗೆ ಒಯ್ದು ಅಲ್ಲಿ ಅಳೆಯಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ಕತ್ತರಿಸಿದ ಶಂಕುವನ್ನು ಸೀಳಿ ಹಾಸುವ ಕ್ರಿಯೆಯನ್ನು ಮಾತಿನಲ್ಲಿಯೇ ಬಿಡಿಸಿ ಹೇಳಿದ, ಹನ್ನೆರಡು ಶತಮಾನಗಳಷ್ಟು ಹಳೆಯ ಗ್ರಂಥಭಾಗವೊಂದು ನಮ್ಮಲ್ಲಿದೆ. ಅದನ್ನು ನಮಗೆ ಉಳಿಸಿಕೊಟ್ಟದ್ದು ಕನ್ನಡ ಲಿಪಿಯ ತಾಳೆಗರಿ. ಬರೆದವರ ಶಿಷ್ಯಪರಂಪರೆ ಬಂದು ನಿಂತದ್ದು ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ. ಗ್ರಂಥ ವೀರಸೇನಾಚಾರ್ಯರ ಧವಲಾ ಟೀಕೆ.

ವೀರಸೇನರು ಷಟ್ಖಂಡಾಗಮಕ್ಕೆ 72 ಸಾವಿರ ಗ್ರಂಥಪ್ರಮಾಣದ ಈ ಟೀಕೆಯನ್ನು ಪ್ರಾಕೃತ ಸಂಸ್ಕೃತಗಳನ್ನು ಬೆರೆಸಿದ ಮಣಿಪ್ರವಾಳ ಶೈಲಿಯಲ್ಲಿ ಬರೆದರು. ಅದು ಮುಗಿದ ಕಾಲ ಕ್ರಿ.ಶ. 816 ಎಂಬುದು ವಿದ್ವಾಂಸರಲ್ಲಿ ಹೆಚ್ಚು ಪ್ರಚಲಿತವಾದ ಅಭಿಪ್ರಾಯ. ಕಷಾಯಪ್ರಾಭೃತದ ಮೇಲಿನ ಜಯಧವಲಾ ಟೀಕೆಯನ್ನು 20 ಸಾವಿರ ಗ್ರಂಥದವರೆಗೆ ತಂದು ಅವರು ತೀರಿಕೊಂಡರು. ಉಳಿದ 40 ಸಾವಿರವನ್ನು ಬರೆದು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ ಮುಗಿಸಿದವರು ಶಿಷ್ಯ ಜಿನಸೇನರು, ಅಮೋಘವರ್ಷ ನೃಪತುಂಗನಿಗೆ ಗುರುಸ್ಥಾನದಲ್ಲಿದ್ದವರು. ಜಿನಸೇನರ ಮಹಾಪುರಾಣವೂ ಅರ್ಧಕ್ಕೆ ನಿಂತಿತು. ಅದನ್ನು ಪೂರೈಸಿ ಉತ್ತರಪುರಾಣವನ್ನು ಕೊಟ್ಟವರು ಗುಣಭದ್ರರು. ಗುರು ಬಿಟ್ಟದ್ದನ್ನು ಶಿಷ್ಯ ಎತ್ತಿಕೊಳ್ಳುವುದು ಈ ಪರಂಪರೆಯ ರೂಢಿಯೇ ಆಗಿತ್ತೆನ್ನಬೇಕು. ಗುಣಭದ್ರರ ಶಿಷ್ಯ ಲೋಕಸೇನರು ಬರೆದ ಪ್ರಶಸ್ತಿಯಿಂದ, ಶಕ 820ರಲ್ಲಿ (ಕ್ರಿ.ಶ. 898) ಉತ್ತರಪುರಾಣಕ್ಕೆ ಬಂಕಾಪುರದಲ್ಲಿ ಪೂಜೆ ಸಂದಿತೆಂಬುದು ತಿಳಿಯುತ್ತದೆ. ಆಗ ಅಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದವನು ಇಮ್ಮಡಿ ಕೃಷ್ಣನ ಸಾಮಂತ ಲೋಕಾದಿತ್ಯ. ಊರಿಗೆ ಹೆಸರು ಬಂದದ್ದು ಅವನ ತಂದೆ ಬಂಕೆಯನಿಂದ. ಮುಂದೆ ಸುಮಾರು ಮುಕ್ಕಾಲು ಶತಮಾನದ ಬಳಿಕ ಗಂಗರ ಮಾರಸಿಂಹ ಇದೇ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡ. ಅದೇ ಅಜಿತಸೇನರು ಚಾವುಂಡರಾಯನಿಗೂ ರನ್ನನಿಗೂ ಗುರುಗಳು. ಕನ್ನಡ ಸಾಹಿತ್ಯಚರಿತ್ರೆಯ ತರಗತಿಗಳಲ್ಲಿ ನಾವು ಹೇಳುವುದು ಈ ಕೊನೆಯ ಮಾತನ್ನಷ್ಟೆ. ರನ್ನನ ಹಿಂದಿರುವ ಗುರುಪರಂಪರೆಯಲ್ಲಿ ಗಣಿತವೂ ಇತ್ತೆಂಬುದನ್ನು ಹೇಳುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ವೀರಸೇನರು ಶಂಕುವಿನ ಸಹವಾಸಕ್ಕೆ ಹೋದದ್ದು ಬಕೆಟ್ಟು ಮಾಡಲಿಕ್ಕಲ್ಲ, ಒಂದು ವಾದವನ್ನು ತೀರಿಸಲಿಕ್ಕೆ. ಲೋಕದ ಎತ್ತರ 14 ರಜ್ಜು. ಅದರ ಅಗಲ ತಳದಲ್ಲಿ 7, ನಡುವೆ 1, ಅದರ ಮೇಲೆ ಬ್ರಹ್ಮಲೋಕದ ಬಳಿ 5, ತುದಿಯಲ್ಲಿ ಮತ್ತೆ 1 ರಜ್ಜು ಎಂಬುದು ಪರಂಪರೆ ಒಪ್ಪಿದ ಅಳತೆ. ಆದರೆ ಈ ಲೋಕದ ಅಡ್ಡಸೀಳು ದುಂಡಾಗಿದೆಯೆ? ಮೃದಂಗದಂತೆ ಸುತ್ತಲೂ ವೃತ್ತಾಕಾರ ಎನ್ನುವ ಒಂದು ಪಕ್ಷವಿತ್ತು. ವೀರಸೇನರು ಅದನ್ನು ಒಪ್ಪಲಿಲ್ಲ. ಲೋಕದ ಘನಫಲ ಜಗಶ್ರೇಣಿಯ ಘನಕ್ಕೆ ಸಮ, ಜಗಶ್ರೇಣಿಯೆಂದರೆ 7 ರಜ್ಜು, ಆದ್ದರಿಂದ ಲೋಕ 343 ಘನರಜ್ಜು ಆಗಲೇಬೇಕು ಎಂಬುದು ಅವರ ನೆಲೆಗಟ್ಟು. ದುಂಡು ಲೋಕ ಅಷ್ಟು ತುಂಬುತ್ತದೆಯೇ ಎಂದು ಅವರು ಕೇಳಿದರು. ಕೇಳಿ ಸುಮ್ಮನಿರದೆ ಅಳೆದೇ ತೋರಿಸಿದರು. ಶಾಸ್ತ್ರವಾಕ್ಯಕ್ಕೆ ಶಾಸ್ತ್ರವಾಕ್ಯವನ್ನು ಎದುರು ನಿಲ್ಲಿಸುವ ಬದಲು ಎದುರಾಳಿಯ ಆಕೃತಿಯನ್ನೇ ತೆಗೆದುಕೊಂಡು ಅದರ ಘನಫಲವನ್ನು ಹುಡುಕುವ ಈ ನಡೆ ನನಗೆ ಇಡೀ ಪ್ರಸಂಗದಲ್ಲಿ ಅತ್ಯಂತ ಹಿಡಿಸಿದ್ದು.

ಅಧೋಲೋಕವನ್ನು ದುಂಡೆಂದು ಹಿಡಿದರೆ ಅದು ತುದಿ ಕತ್ತರಿಸಿದ ಶಂಕು: ಮೇಲೆ ವ್ಯಾಸ 1, ಕೆಳಗೆ 7, ಎತ್ತರ 7. ಮೊದಲು ಅದರ ನಡುವಿನಿಂದ 1 ರಜ್ಜು ವ್ಯಾಸದ ಕಂಬದಂತಹ ತಿರುಳನ್ನು ಹೊರತೆಗೆಯಬೇಕು. ಉಳಿಯುವುದು ಟೊಳ್ಳಾದ ಆಕೃತಿ. ಅದರ ಗೋಡೆಯ ದಪ್ಪ ಮೇಲೆ ಸೊನ್ನೆ, ಕೆಳಗಿಳಿದಂತೆ ಹೆಚ್ಚುತ್ತ ತಳದಲ್ಲಿ 3 ರಜ್ಜು. ಈಗ ಈ ಟೊಳ್ಳನ್ನು ಒಂದು ಬದಿಯಲ್ಲಿ ಮೇಲಿನಿಂದ ಕೆಳಗೆ ಸೀಳಿ ಬಿಚ್ಚಿ ಹಾಸಬೇಕು. ಹಾಸಿದಾಗ ಅದು ಮೊರದ ಆಕಾರವನ್ನು ತಾಳುತ್ತದೆ. ಒಂದು ಅಂಚು ಕಿರಿದು, ಇನ್ನೊಂದು ಅಂಚು ಅಗಲ. ಒಂದು ಕಡೆ ತೆಳುವು, ಇನ್ನೊಂದು ಕಡೆ ದಪ್ಪ. ಕಿರಿದಾದ ಅಂಚಿನ ಉದ್ದ 1 ರಜ್ಜು ವ್ಯಾಸದ ವೃತ್ತದ ಪರಿಧಿ, ಅಗಲವಾದ ಅಂಚಿನ ಉದ್ದ 7 ರಜ್ಜು ವ್ಯಾಸದ ವೃತ್ತದ ಪರಿಧಿ. ಈ ಮೊರವನ್ನು ಎರಡು ಕಡೆ ಕತ್ತರಿಸಿದರೆ ನಡುವೆ ಒಂದು ಬೆಣೆ, ಅಕ್ಕಪಕ್ಕದಲ್ಲಿ ಮೊನೆಯಾಗುತ್ತ ಹೋಗುವ ಎರಡು ತುಂಡುಗಳು ಸಿಗುತ್ತವೆ. ನಡುವಿನ ಬೆಣೆಯ ಘನಫಲ ಸುಲಭ, ಉದ್ದ ದಪ್ಪ ಎತ್ತರಗಳ ಗುಣಲಬ್ಧದ ಅರ್ಧ.

ಕಷ್ಟವಿರುವುದು ಅಕ್ಕಪಕ್ಕದ ತುಂಡುಗಳಲ್ಲಿ. ಅವನ್ನು ಅಳೆಯಲು ಸಿದ್ಧಸೂತ್ರವೊಂದನ್ನು ಹೇಳಿ ಮುಗಿಸಬಹುದಿತ್ತು. ವೀರಸೇನರು ಹಾಗೆ ಮಾಡುವುದಿಲ್ಲ. ಪ್ರತಿಯೊಂದು ತುಂಡನ್ನೂ ನಡುವೆ ಕತ್ತರಿಸಿ, ಅಳೆಯಲು ಬರುವ ಭಾಗಗಳನ್ನು ಒಂದಕ್ಕೊಂದು ಜೋಡಿಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆಗ ಮೂಲ ತುಂಡಿನಂಥವೇ ಆದ, ಅಳತೆಯಲ್ಲಿ ಅರ್ಧವಾದ ಎರಡು ಚಿಕ್ಕ ತುಂಡುಗಳು ಉಳಿಯುತ್ತವೆ. ಒಂದೊಂದೂ ಮೂಲದ ಎಂಟನೆಯ ಒಂದು ಪಾಲು, ಎರಡೂ ಸೇರಿ ಕಾಲು ಪಾಲು. ಅವನ್ನೂ ಹಾಗೆಯೇ ಕತ್ತರಿಸಬೇಕು. ಮತ್ತೆ ಉಳಿದದ್ದನ್ನು ಮತ್ತೆ. ಪ್ರತಿ ಸಲ ಸಿಗುವ ಘನಫಲ ಹಿಂದಿನದರ ಕಾಲು ಭಾಗವಾಗುತ್ತ ಹೋಗುವುದರಿಂದ, ಮುಗಿಯದ ಈ ಸರಣಿಯನ್ನೆಲ್ಲ ಕೂಡಿದರೆ ಮೊದಲ ಸಲ ಸಿಕ್ಕದ್ದರ ಮೂರನೆಯ ನಾಲ್ಕು, ಅಂದರೆ 4/3 ಭಾಗವಾಗುತ್ತದೆ. ಮುಗಿಯದ ಗುಣೋತ್ತರ ಶ್ರೇಢಿಯ ಮೊತ್ತವನ್ನು ಘನಾಕೃತಿಯೊಂದರ ಅಳತೆಗೆ ಹೀಗೆ ಬಳಸಿದ್ದನ್ನು ಗಣಿತದ ಇತಿಹಾಸಕಾರರು ವಿಶೇಷವಾಗಿ ಗಮನಿಸಿದ್ದಾರೆ. ಲಖನೌದ ಅವಧೇಶ ನಾರಾಯಣ ಸಿಂಗ್ ಅವರು ಧವಲಾ ಮುದ್ರಣದ ನಾಲ್ಕನೆಯ ಸಂಪುಟಕ್ಕೆ 1942ರಲ್ಲಿ ಬರೆದ ಪ್ರಬಂಧ ಈ ದಿಕ್ಕಿನ ಮೊದಲ ಮುಖ್ಯ ಬರಹ.

ಅಂಕಿಗಳನ್ನು ಇಂದಿನ ಸಂಕೇತಗಳಿಗೆ ಇಳಿಸಿ ನಾನೂ ಕೂಡಿ ನೋಡಿದ್ದೇನೆ. ಛೇದವನ್ನು ಎಲ್ಲಕ್ಕೂ 1356 ಎಂದಿಟ್ಟುಕೊಂಡರೆ ತಿರುಳು 7791, ನಡುವಿನ ಬೆಣೆ 46746, ಅಕ್ಕಪಕ್ಕದ ಎರಡು ತುಂಡುಗಳು 89460. ಒಟ್ಟು 143997, ಅಂದರೆ 106 ಪೂರ್ಣಾಂಕ 261/1356 ಘನರಜ್ಜು. ಊರ್ಧ್ವಲೋಕವನ್ನು ತಳದಿಂದ ತಳಕ್ಕೆ ಜೋಡಿಸಿದ ಎರಡು ಭಿನ್ನಕಗಳೆಂದು ಹಿಡಿದು ಇದೇ ದಾರಿಯಲ್ಲಿ ಹೋದರೆ 58 ಪೂರ್ಣಾಂಕ 67/1356. ಎರಡನ್ನೂ ಕೂಡಿದರೆ 164 ಪೂರ್ಣಾಂಕ 328/1356. ಇದೇ ವೀರಸೇನರು ಕೊಟ್ಟ ಉತ್ತರ. 343ರ ಅರ್ಧಕ್ಕೂ ಅದು ಮುಟ್ಟುವುದಿಲ್ಲ. ಮೃದಂಗದ ಪಕ್ಷ ಅಲ್ಲಿಗೆ ಬಿದ್ದುಹೋಯಿತು. ಅಗಲ ಮಾತ್ರ ಹೆಚ್ಚುಕಡಿಮೆಯಾಗುತ್ತ, ದಕ್ಷಿಣೋತ್ತರವಾಗಿ ಎಲ್ಲೆಡೆ 7 ರಜ್ಜು ದಪ್ಪವಿರುವ ಲೋಕವನ್ನು ಹಿಡಿದರೆ ಕೆಳಗೆ 196, ಮೇಲೆ 147, ಕೂಡಿದರೆ ಸರಿಯಾಗಿ 343.

ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪರಿಧಿಯನ್ನು ತಿಳಿಯಲು ವೀರಸೇನರು ಉದ್ಧರಿಸುವ ಸೂತ್ರದ ತಾತ್ಪರ್ಯ ಹೀಗಿದೆ: ವ್ಯಾಸವನ್ನು 16ರಿಂದ ಗುಣಿಸಿ, 16ನ್ನು ಸೇರಿಸಿ, 113ರಿಂದ ಭಾಗಿಸಿ, ಬಂದದ್ದಕ್ಕೆ ವ್ಯಾಸದ ಮೂರರಷ್ಟನ್ನು ಕೂಡಿಸಬೇಕು. ಆ ‘16ನ್ನು ಸೇರಿಸಿ’ ಎಂಬ ಮಾತನ್ನು ಬಿಟ್ಟರೆ ಪರಿಧಿ ವ್ಯಾಸದ 355/113ರಷ್ಟಾಗುತ್ತದೆ. ಚೀನಾದ ಜು ಛೋಂಗ್‌ಝಿ ಐದನೆಯ ಶತಮಾನದಲ್ಲಿ ಕಂಡುಕೊಂಡ, ದಶಮಾಂಶದ ಆರನೆಯ ಸ್ಥಾನದವರೆಗೆ ಸರಿಯಾದ ಬೆಲೆ ಅದು. ಸೇರಿಸಿದರೆ ಸೂತ್ರವೇ ಕೆಡುತ್ತದೆ; ಸೊನ್ನೆ ವ್ಯಾಸದ ವೃತ್ತಕ್ಕೂ ಒಂದಿಷ್ಟು ಪರಿಧಿ ಹುಟ್ಟಿಕೊಳ್ಳುತ್ತದೆ. ಹಾಗಾದರೆ ‘ಸಹಿತ’ ಎಂಬ ಪದವನ್ನು ಬೇರೆ ರೀತಿಯಲ್ಲಿ ಅರ್ಥೈಸಬೇಕೆ, ಲಿಪಿಕಾರನ ಕೈತಪ್ಪೆನ್ನಬೇಕೆ? ಎರಡಕ್ಕೂ ಎಡೆಯಿಲ್ಲವೆಂದು ಉತ್ತರವೇ ಸಾಕ್ಷಿ ನುಡಿಯುತ್ತದೆ. 16ನ್ನು ಸೇರಿಸದೆ ಮೇಲಿನ ಲೆಕ್ಕವನ್ನೆಲ್ಲ ಮಾಡಿದರೆ 161 ಪೂರ್ಣಾಂಕ 364/1356 ಬರುತ್ತದೆ. ಗ್ರಂಥದಲ್ಲಿರುವುದು 164 ಪೂರ್ಣಾಂಕ 328/1356. ವೀರಸೇನರು ಸೂತ್ರವನ್ನು ಅಕ್ಷರಶಃ ಓದಿ 16ನ್ನು ಸೇರಿಸಿಯೇ ಗುಣಿಸಿದ್ದಾರೆ, ಸಂದೇಹವಿಲ್ಲ. ಪದ್ಯದ ಪಾಠ ಸರಿಯೋ ತಪ್ಪೋ ಎಂದು ಛಂದಸ್ಸಿನಿಂದ ನಿರ್ಣಯಿಸುವುದು ನಮಗೆ ಗೊತ್ತು. ಇಲ್ಲಿ ಆ ಕೆಲಸವನ್ನು ಕೂಡುವ ಗುಣಿಸುವ ಲೆಕ್ಕ ಮಾಡುತ್ತದೆ. ಅಂದಹಾಗೆ, ಈ ಮೂರು ಘನರಜ್ಜುಗಳ ಹೆಚ್ಚಳದಿಂದ ಅವರ ವಾದಕ್ಕೇನೂ ಬಾಧೆಯಿಲ್ಲ. 161 ಆದರೂ 164 ಆದರೂ 343 ಅಲ್ಲ.

ಇಷ್ಟನ್ನು ಹೇಳಿದೊಡನೆ ‘ಹಾಗಾದರೆ ಎಂಜಿನಿಯರಿಂಗ್ ಡ್ರಾಯಿಂಗ್ ನಮ್ಮವರಿಗೆ ಮೊದಲೇ ತಿಳಿದಿತ್ತು’ ಎಂದು ಕೊಂಡಾಡುವವರು ಎದ್ದು ನಿಲ್ಲುತ್ತಾರೆ. ಅವರ ಉತ್ಸಾಹದಲ್ಲಿ ಪಾಲುಗೊಳ್ಳಲು ನನಗೆ ಮನಸ್ಸಿಲ್ಲ. ವೀರಸೇನರು ಬಿಚ್ಚಿ ಹಾಸಿದ್ದು ಘನವನ್ನು, ಡ್ರಾಯಿಂಗ್ ಪಾಠದವರು ಬಿಚ್ಚಿ ಹಾಸುವುದು ಬರಿಯ ಮೈಯನ್ನು. ಬಕೆಟ್ಟಿನ ತಗಡನ್ನು ಬಿಚ್ಚಿದರೆ ಮೊರದಂತೆ ನೇರ ಅಂಚುಗಳ ಆಕೃತಿ ಬರುವುದಿಲ್ಲ. ಎರಡೂ ಅಂಚುಗಳು ಕಮಾನಾಗಿರುತ್ತವೆ. ಹಾಗೆಂದು ವೀರಸೇನರ ಮೊರ ತಪ್ಪೆಂದೂ ಅಲ್ಲ. ಅವರ ಟೊಳ್ಳನ್ನು ಅಡ್ಡಡ್ಡಲಾಗಿ ತೆಳುವಾದ ಬಳೆಗಳಾಗಿ ಕೊಯ್ದೆವೆಂದು ಊಹಿಸಿಕೊಳ್ಳಿ. ಒಂದೊಂದು ಬಳೆಯನ್ನೂ ನೇರ ಮಾಡಿದಾಗ ಒಳಪರಿಧಿ ಒಂದು ಅಂಚು, ಹೊರಪರಿಧಿ ಇನ್ನೊಂದು ಅಂಚು ಆಗುವ ತ್ರಾಪಿಜ್ಯ ದೊರೆಯುತ್ತದೆ. ಅದರ ಕ್ಷೇತ್ರಫಲ ಬಳೆಯ ಕ್ಷೇತ್ರಫಲಕ್ಕೆ ಸರಿಸಮ. ಆಕಾರ ಬದಲಾದರೂ ಅಳತೆ ಬದಲಾಗುವುದಿಲ್ಲ. ವೀರಸೇನರಿಗೆ ಬೇಕಾಗಿದ್ದದ್ದು ಅಳತೆ. ತಗಡಿನವರಿಗೆ ಆಕಾರವೇ ಬೇಕು, ಕತ್ತರಿ ಆಡಿಸಬೇಕಾದ್ದರಿಂದ. ಯಾವ ಮೈಗಳನ್ನು ಹರಿಯದೆ ಸಮತಲಕ್ಕೆ ಹಾಸಬಹುದು ಎಂಬುದನ್ನು ಸಾಮಾನ್ಯವಾಗಿ ವಿಚಾರಿಸಿದವನು ಆಯ್ಲರ್, ಅವನ ಲೇಖನ ಅಚ್ಚಾದದ್ದು 1772ರಲ್ಲಿ. ಅದನ್ನು ಶಾಲೆಯ ಪಾಠಕ್ಕೆ ತಂದದ್ದು ಫ್ರಾನ್ಸಿನ ಮೋಂಜ್, 18ನೆಯ ಶತಮಾನದ ಕೊನೆಯಲ್ಲಿ. ಎರಡು ಬೇರೆ ಪ್ರಶ್ನೆಗಳಿಗೆ ‘ಸೀಳಿ ಹಾಸು’ ಎಂಬ ಒಂದೇ ಕೈಚಳಕ ಒದಗಿದೆ.

ವೀರಸೇನರ ಬಳಿಕ ಒಂದು ತಲೆಮಾರಿನೊಳಗೆ, ಕವಿರಾಜಮಾರ್ಗ ಹುಟ್ಟಿದ ಅದೇ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ಸಂಸ್ಕೃತದಲ್ಲಿ ಬಂತು. ಅದರ ಖಾತವ್ಯವಹಾರದಲ್ಲಿ ಬಾಯಿಗೂ ತಳಕ್ಕೂ ಅಳತೆ ಬೇರೆಯಾದ ಗುಂಡಿಗಳ ಘನಫಲ ಕಾಣುವ ಕ್ರಮವಿದೆ. ಇಲ್ಲಿ ಅನಂತ ಸರಣಿಯಿಲ್ಲ, ಶಿಸ್ತಾದ ಉಪಾಯವಿದೆ. ಬಾಯಿ ತಳಗಳ ಅಳತೆಗಳ ಸರಾಸರಿಯಿಂದ ಬರುವ ಫಲ ಕರ್ಮಾಂತಿಕ, ಎರಡರ ಕ್ಷೇತ್ರಫಲಗಳ ಸರಾಸರಿಯಿಂದ ಬರುವುದು ಔಂಡ್ರ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ವ್ಯತ್ಯಾಸದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ. ಬ್ರಹ್ಮಗುಪ್ತನಿಂದ ನಡೆದುಬಂದ ಈ ನಿಯಮ ಬೀಜಗಣಿತದಿಂದ ಪರೀಕ್ಷಿಸಿದರೂ ಪೂರ್ತಿ ಸರಿ. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವುಗಳನ್ನು ಕಂಡವರಿಗೆ ಖಾತವ್ಯವಹಾರ ಏಕೆ ಬೇಕಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಹಗೇವಿನ ಕೊರಳು ಕಿರಿದು, ಹೊಟ್ಟೆ ದೊಡ್ಡದು. ಒಂದು ಭಿನ್ನಕದ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ನೆಲದೊಳಗೆ ಖಾತವಾದರೆ ನೆಲದ ಮೇಲೆ ರಾಶಿ. ಕಣದಲ್ಲಿ ಸುರಿದ ಕಾಳು ತಾನಾಗಿ ಶಂಕುವಾಗುತ್ತದೆ. ಭಾಸ್ಕರಾಚಾರ್ಯರ ಲೀಲಾವತಿ (1150) ಹೇಳುವಂತೆ ರಾಶಿಯ ಎತ್ತರ ದಪ್ಪ ಕಾಳಿಗೆ ಪರಿಧಿಯ ಹತ್ತನೆಯ ಒಂದು, ಸಣ್ಣ ಕಾಳಿಗೆ ಹನ್ನೊಂದನೆಯ ಒಂದು, ಮುಳ್ಳುಳ್ಳ ಧಾನ್ಯಕ್ಕೆ ಒಂಬತ್ತನೆಯ ಒಂದು ಭಾಗ. ಪರಿಧಿಯ ಆರನೆಯ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಘನಫಲ. 60 ಮೊಳ ಸುತ್ತಳತೆಯ ದಪ್ಪ ಕಾಳಿನ ರಾಶಿ 600 ಘನಮೊಳ. ಗೋಡೆಗೆ ಒರಗಿದ ರಾಶಿಯ ಸುತ್ತಳತೆಯನ್ನು ಇಮ್ಮಡಿ ಮಾಡಿ, ಒಳಮೂಲೆಯಲ್ಲಿರುವುದನ್ನು ನಾಲ್ಮಡಿ ಮಾಡಿ ಲೆಕ್ಕ ಹಾಕಿ, ಬಂದ ಫಲವನ್ನು ಅದೇ ಸಂಖ್ಯೆಯಿಂದ ಭಾಗಿಸಬೇಕು. ಈ ಮೂರು ಭಾಗಗಳನ್ನು ಇಳಿಜಾರಿನ ಕೋನಕ್ಕೆ ತಿರುಗಿಸಿದರೆ ಸುಮಾರು 30ರಿಂದ 35 ಡಿಗ್ರಿ ಬರುತ್ತದೆ. ಕಾಳಿನ ರಾಶಿ ಜಾರದೆ ನಿಲ್ಲುವ ಕೋನವೇ ಅದು. ಕಣದಲ್ಲಿ ಕಣ್ಣಿಟ್ಟು ನೋಡಿದವರು ಕಟ್ಟಿದ ನಿಯಮವೆಂಬುದು ಸ್ಪಷ್ಟ. ಬ್ಯಾಡಗಿಯ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಗೆ ಮಾತ್ರ ಈ ಸೂತ್ರವನ್ನು ಹಚ್ಚಬೇಡಿ. ಸುಕ್ಕುಗಟ್ಟಿದ ಕಾಯಿಗಳ ನಡುವೆ ಗಾಳಿಯೇ ಹೆಚ್ಚು, ಕಾಯಿಗಳು ಒಂದಕ್ಕೊಂದು ತೊಡರಿಕೊಂಡು ನಿಲ್ಲುತ್ತವೆ. ತಕ್ಕಡಿಗೆ ಬೇರೆ ದಾರಿಯಿಲ್ಲ.

12ನೆಯ ಶತಮಾನದ ರಾಜಾದಿತ್ಯ ಈ ಬಗೆಯ ವಿದ್ಯೆಯನ್ನು ಕನ್ನಡಕ್ಕೆ ತಂದ. ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಎಂದು ಅವನ ಕೃತಿಗಳ ಹೆಸರುಗಳನ್ನು ನಮ್ಮ ಸಾಹಿತ್ಯಚರಿತ್ರೆಗಳು ಪಟ್ಟಿ ಮಾಡುತ್ತವೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹಲವು ವರ್ಷಗಳ ಹಿಂದೆ ವಿಚಾರಸಂಕಿರಣವೊಂದಕ್ಕೆ ರಾಜಾದಿತ್ಯನ ಭಾಷೆಯನ್ನು ಕುರಿತು ಪ್ರಬಂಧ ಕಳುಹಿಸಿದಾಗ, ಇದು ಸಾಹಿತ್ಯವಲ್ಲ, ಗಣಿತ ವಿಭಾಗಕ್ಕೆ ಕಳುಹಿಸಿ ಎಂಬ ಉತ್ತರ ಬಂತು. ಗಣಿತ ವಿಭಾಗದವರಿಗೆ ಹಳಗನ್ನಡ ಓದಲು ಬರುವುದಿಲ್ಲ, ಹಳಗನ್ನಡ ಬಲ್ಲವರಿಗೆ ಗಣಿತ ಬೇಡ. ಶಾಸ್ತ್ರಸಾಹಿತ್ಯ ಈ ಎರಡರ ನಡುವೆ ಓದುಗರಿಲ್ಲದೆ ನಿಂತಿದೆ. ಹೊಂಬುಜದಿಂದ 2000ದಲ್ಲಿ ಪದ್ಮಾವತಮ್ಮನವರ ಗಣಿತಸಾರಸಂಗ್ರಹದ ಕನ್ನಡ ಅನುವಾದ ಹೊರಬಂದದ್ದು ಈ ಬರಗಾಲದಲ್ಲಿ ಬಿದ್ದ ಒಂದು ಹದವಾದ ಮಳೆ. ಅದಕ್ಕೆ ತಕ್ಕ ಬಿತ್ತನೆ ನಮ್ಮ ಕನ್ನಡ ವಿಭಾಗಗಳಲ್ಲಿ ನಡೆಯಲಿಲ್ಲ.

ಧವಲಾ ಗ್ರಂಥದ ಕಥೆಯನ್ನೇ ನೋಡಿ. ಅದರ ಹಳೆಯ ತಾಳೆಯೋಲೆಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಶತಮಾನಗಳವರೆಗೆ ಅವು ದರ್ಶನದ ವಸ್ತುಗಳಾಗಿದ್ದವು, ಓದಿನ ವಸ್ತುಗಳಾಗಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಮರಾವತಿಯಿಂದ 1939ರಲ್ಲಿ ನಾಗರಿ ಲಿಪಿಯಲ್ಲಿ, ಹಿಂದಿ ಅನುವಾದದೊಂದಿಗೆ ಹೊರಬಂತು. ಹದಿನಾರು ಸಂಪುಟಗಳು ಮುಗಿಯಲು ಎರಡು ದಶಕಗಳು ಬೇಕಾದವು. ಕನ್ನಡ ಲಿಪಿ ಕಾಪಾಡಿದ್ದನ್ನು ಗಣಿತದ ಇತಿಹಾಸಕಾರರು ಓದಿದ್ದು ನಾಗರಿಯಲ್ಲಿ. ಭಿನ್ನಕದ ಲೆಕ್ಕವಿರುವ ನಾಲ್ಕನೆಯ ಸಂಪುಟವನ್ನು ಮೂಡುಬಿದಿರೆಯ ಓಲೆಗಳ ಎದುರಿಗಿಟ್ಟು, ಅಂಕಿ ಅಂಕಿಯಾಗಿ ಹೋಲಿಸಿ ಓದಲು ಹಳಗನ್ನಡ ಲಿಪಿ ಬಲ್ಲ, ಪ್ರಾಕೃತ ಕಲಿಯಲು ಒಪ್ಪುವ, ಭಿನ್ನರಾಶಿ ಕೂಡಲು ಬೇಸರಿಸದ ಒಬ್ಬ ಸಂಶೋಧನ ವಿದ್ಯಾರ್ಥಿ ಬೇಕು. 371/113 ಎಂಬ ಪರಿಧಿಯಿಂದ ಅವರು ತೊಡಗಬಹುದು. 1 ರಜ್ಜು ವ್ಯಾಸಕ್ಕೆ ಸಲ್ಲುವ ಈ ಒಂದು ಸಂಖ್ಯೆ ಓಲೆಯಲ್ಲಿ ಹೇಗೆ ಬರೆಯಲ್ಪಟ್ಟಿದೆಯೆಂದು ತಿಳಿದರೆ ಮುಂದಿನ ಸಂಖ್ಯೆಗಳೆಲ್ಲ ಅದರಿಂದಲೇ ಬಿಡಿಸಿಕೊಳ್ಳುತ್ತವೆ.